ಹುಲ್ಲುಹಾಸಿನಲ್ಲಿ ನೀರು ನಿಂತು ಅಲ್ಲಲ್ಲಿ ಬೋಳಾಗಿದೆ. ಹೊಸ ಹುಲ್ಲು ಹಾಸಿಸಬೇಕೇ?

ಸದ್ಯಕ್ಕೆ ಬೇಡ. ನರ್ಸರಿಯವರಿಗೆ ಮುಂಗಡ ಕೊಡುವ ಮೊದಲು ದಯವಿಟ್ಟು ಒಂದು ಗುಂಡಿ ತೋಡಿ ನೋಡಿ. ಮಳೆ ನಿಂತು ಎರಡು ದಿನವಾದರೂ ಕಾಲಿಟ್ಟರೆ ಪಚಪಚ ಎನ್ನುತ್ತದೆ, ಮೂಲೆಯಲ್ಲಿ ಪಾಚಿ ಕಟ್ಟಿದೆ ಎಂದು ಬರೆದಿದ್ದೀರಿ. ಇದು ನೆಲದ ಕಾಯಿಲೆ. ಮೇಲೆ ಯಾವ ಹುಲ್ಲು ಹಾಸಿದರೂ ಅದಕ್ಕೂ ಇದೇ ಗತಿ.

ರಾಜರಾಜೇಶ್ವರಿ ನಗರದ ನಮ್ಮ ಮನೆಯ ಮುಂದೆ ಹದಿನೈದಕ್ಕೆ ಇಪ್ಪತ್ತು ಅಡಿಯ ಜಾಗವಿದೆ. ಎರಡು ಸಲ ಮೆಕ್ಸಿಕನ್ ಹುಲ್ಲು ಹಾಸಿಸಿದೆವು. ಎರಡು ಸಲವೂ ಸೆಪ್ಟೆಂಬರ್ ಮಳೆಗೆ ಹಳದಿಯಾಗಿ ಕೊಳೆಯಿತು. ಮೂರನೆಯ ಸಲ ಪಿಕಾಸಿ ಹಿಡಿದೆ. ಐದು ಅಂಗುಲ ಇಳಿಯುವಷ್ಟರಲ್ಲಿ ಠಣ್ ಎಂದಿತು. ಮನೆ ಕಟ್ಟುವಾಗ ಗಾರೆ ಕೆಲಸದವರು ಕಲಸಿ ಮಿಕ್ಕಿದ ಸಿಮೆಂಟು ಅಲ್ಲೇ ದೋಸೆಯಂತೆ ಹರಡಿ ಕಲ್ಲಾಗಿತ್ತು. ಅದರ ಮೇಲಿನ ಕೆಂಪು ಮಣ್ಣು ಬೂದುಬಣ್ಣಕ್ಕೆ ತಿರುಗಿ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಗಾಳಿಯಾಡದೆ ಉಸಿರುಕಟ್ಟಿದ ಮಣ್ಣಿನ ವಾಸನೆ ಅದು. ಅಲ್ಲಿ ಯಾವ ಬೇರು ತಾನೇ ಬದುಕೀತು?

ನೀವೂ ಒಂದಡಿ ಆಳ ತೋಡಿ, ನೀರು ತುಂಬಿ ಇಂಗಲು ಬಿಡಿ. ಮತ್ತೊಮ್ಮೆ ತುಂಬಿ ಗಡಿಯಾರ ನೋಡಿ. ಗಂಟೆಗೆ ಒಂದು ಅಂಗುಲವಾದರೂ ಇಳಿದರೆ ಮೇಲ್ಮಣ್ಣನ್ನು ಸಡಿಲಿಸಿದರೆ ಸಾಕು. ಬೆಳಗಿನವರೆಗೂ ನಿಂತಿದ್ದರೆ ಕೆಳಗೆ ಏನೋ ತಡೆಯುತ್ತಿದೆ. ಸಿಮೆಂಟೋ ಇಟ್ಟಿಗೆ ಚೂರೋ ಸಿಕ್ಕರೆ ಒಡೆದು ತೆಗೆಸಲೇಬೇಕು.

ಆಮೇಲೆ ಇಳಿಜಾರು. ಮನೆಯ ಗೋಡೆಯಿಂದ ಆಚೆಗೆ ಹತ್ತು ಅಡಿಗೆ ಎರಡು ಅಂಗುಲದಂತೆ ಇಳಿಸಿದೆ. ತಗ್ಗಿನ ಅಂಚಿನಲ್ಲಿ ಒಂದೂವರೆ ಅಡಿ ಆಳದ ಕಾಲುವೆ ತೋಡಿಸಿ, ತೂತು ಕೊರೆದ ಪಿವಿಸಿ ಪೈಪು ಮಲಗಿಸಿ, ಸುತ್ತ ಜಲ್ಲಿ ತುಂಬಿ, ಇಂಗುಗುಂಡಿಗೆ ಸೇರಿಸಿದೆ. 60×40 ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ನಿಮ್ಮಲ್ಲಿ ಇಂಗುಗುಂಡಿ ಈಗಾಗಲೇ ಇರಬಹುದು. ಒಳಚರಂಡಿಗೆ ಮಾತ್ರ ಬಿಡಬೇಡಿ. ಜೋರು ಮಳೆಯಲ್ಲಿ ಆ ನೀರು ತಗ್ಗಿನಲ್ಲಿರುವ ಯಾರದೋ ಬಚ್ಚಲಲ್ಲಿ ಉಕ್ಕುತ್ತದೆ.

ಹಸಿ ಮಣ್ಣಿನ ಮೇಲೆ ಓಡಾಡಬೇಡಿ, ತುಳಿದಷ್ಟೂ ಗಟ್ಟಿಯಾಗುತ್ತದೆ. ಉಂಡೆ ಮಾಡಿ ಬೀಳಿಸಿದರೆ ಪುಡಿಯಾಗುವ ಹದಕ್ಕೆ ಬಂದಾಗ, ಕೈತೋಟದ ಫೋರ್ಕಿನಿಂದ ನಾಲ್ಕು ಅಂಗುಲ ಆಳಕ್ಕೆ ಒತ್ತೊತ್ತಾಗಿ ಚುಚ್ಚಿ. ದಪ್ಪ ಮರಳು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಹರಡಿ, ತೂತುಗಳೊಳಗೆ ಇಳಿಯುವಂತೆ ಪೊರಕೆಯಿಂದ ಗುಡಿಸಿ.

ಬೋಳು ಜಾಗಕ್ಕೆ ಹಾಸು ಕೊಳ್ಳುವ ಅಗತ್ಯವೇ ಇಲ್ಲ. ಚೆನ್ನಾಗಿರುವ ಕಡೆಯಿಂದ ಬೇರುಸಹಿತ ಕಡ್ಡಿ ಕಿತ್ತು ಮೂರು ಅಂಗುಲಕ್ಕೊಂದರಂತೆ ನೆಡಿ. ದಿನವಿಡೀ ಬಿಸಿಲು ಬೀಳುವ ಜಾಗವಾದರೆ ನನ್ನ ಆಯ್ಕೆ ಗರಿಕೆ. ಬರ್ಮುಡಾ ಹುಲ್ಲೆಂದು ಮಾರುವುದೂ ಗಣೇಶನಿಗೆ ಏರಿಸುವ ಗರಿಕೆಯ ಜಾತಿಯೇ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ತಾನೇ ಹಬ್ಬುತ್ತದೆ. ಮರದ ನೆರಳಲ್ಲಿ ಸೊರಗುತ್ತದೆ, ಅಲ್ಲಿ ಬೇಡ. ಜೇಕು ಎಂಬ ಕಳೆ ಕಂಡರೆ ಗಡ್ಡೆಸಮೇತ ಕೀಳಿ, ಗಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ.

ಕಾಲುವೆ ಕೆಲಸವನ್ನು ಮಳೆ ಹಿಂದಾದ ಮೇಲೆ ಮಾಡಿಸಿ, ಕಡ್ಡಿಯನ್ನು ಜೂನ್‌ನಲ್ಲಿ ನೆಡಿ. ನಮ್ಮಲ್ಲಿ ಬೋಳು ಮುಚ್ಚಲು ಎರಡೂವರೆ ತಿಂಗಳು ಹಿಡಿಯಿತು. ಗುಂಡಿಯ ನೀರು ಎಷ್ಟು ಹೊತ್ತಿಗೆ ಇಂಗಿತೆಂದು ಇಲ್ಲೇ ಬರೆಯಿರಿ, ನಿಮಗೆ ಕಾಲುವೆ ಬೇಕೋ ಬೇಡವೋ ಆಗ ಹೇಳುತ್ತೇನೆ.