ಒಂದು ಬ್ಲೇಡ್ ಎಷ್ಟು ಶೇವ್‌ಗೆ?
ಸೇಫ್ಟಿ ರೇಜರಿನ ಒಂದೇ ಬ್ಲೇಡನ್ನು ಹತ್ತು ಸಲ ಬಳಸಬಹುದಾ ಅಂತ ಕೇಳಿದ್ದೀರಿ ಅಲ್ವಾ? ಗಡ್ಡ ಮೆದು ಇದ್ದರೆ ಬರಬಹುದು, ಸಾಮಾನ್ಯವಾಗಿ 3ರಿಂದ 7 ಶೇವ್ ಅಂತ ಇಟ್ಟುಕೊಳ್ಳಿ. ಲೆಕ್ಕ ಇಡುವುದಕ್ಕಿಂತ ಕೆನ್ನೆಯನ್ನೇ ಕೇಳುವುದು ಒಳ್ಳೆಯದು: ಕೂದಲು ಕತ್ತರಿಸದೆ ಎಳೆದ ಹಾಗಾದರೆ, ಗಲ್ಲದ ಕೆಳಗೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಬೇಕಾಗಿ ಬಂದರೆ, ಆ ಬ್ಲೇಡ್ ಮುಗಿಯಿತು. ಕೂದಲು ಬ್ಲೇಡಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಅಂಚಿನಿಂದ ಸಣ್ಣ ಚೂರು ಎಬ್ಬಿಸುತ್ತದೆ ಅಂತ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ.

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ರೇಜರ್ ಎಲ್ಲಿ ಒಣಗುತ್ತದೆ! ತೊಳೆದು, ನೀರು ಕೊಡವಿ, ಬಚ್ಚಲಿನ ಹೊರಗೆ ಇಡಿ. ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಹರಿತವೂ ಹೋಗುತ್ತದೆ, ಬೆರಳೂ ಕುಯ್ಯುತ್ತದೆ. ಹಳೇ ಬ್ಲೇಡನ್ನು ಸುಮ್ನೆ ತೆಂಗಿನ ಬುಡಕ್ಕೆ ಎಸೆಯುವ ಬದಲು ತಗಡಿನ ಡಬ್ಬಿಗೆ ಹಾಕಿಡಿ.