ಬೆಂಡು ಮುಳುಗುವ ಸಾಲಿನಿಂದ ಶುರು ಮಾಡಿ

ಪ್ರಿಯ ಬರಹಗಾರ್ತಿಗೆ,

ನೇರವಾಗಿ ಹೇಳುತ್ತೇನೆ. ‘ಮೀನುಗಾರಿಕೆ ಉತ್ಸಾಹಿಗಾಗಿ ಕೈಯಿಂದ ತಯಾರಿಸಿದ ಉಡುಗೊರೆ ಪತ್ರ ಹಿಡಿಕೆ’ ಎಂಬ ನಿಮ್ಮ ಬರಹವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದನ್ನು ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ಮೂರನೇ ಪುಟದ ಒಂದು ಸಾಲು:

“ಮಾವ ಇಳಿತದ ಹೊತ್ತಿಗೆ ಚಟ್ಲಿ (ಸಿಗಡಿ) ಚುಚ್ಚಿದ ಗಾಳ ಎಸೆದು ಗಂಗೊಳ್ಳಿ ಅಳಿವೆಯ ಕಲ್ಲಿನ ಮೇಲೆ ಕೂತರೆ ಕರೆದರೂ ತಿರುಗುವುದಿಲ್ಲ, ಬೆಂಡು ಮುಳುಗಿದ ಮೇಲೇ ಅವರಿಗೆ ನಮ್ಮ ನೆನಪು.”

ಇಂಥ ಸಾಲನ್ನು ಬರೆಯಬಲ್ಲವರು ಎರಡು ಪುಟ ಪೂರ್ತಿ ‘ಪ್ರಾಚೀನ ಕಾಲದಿಂದಲೂ ಉಡುಗೊರೆಗೆ ಮಾನವ ಜೀವನದಲ್ಲಿ ಮಹತ್ವದ ಸ್ಥಾನವಿದೆ’ ಎಂದು ಬರೆದದ್ದು ಏಕೆ? ಆ ಎರಡು ಪುಟಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಮಾವನ ಸಾಲು ನಿಮ್ಮೊಬ್ಬರದೇ. ಮೊದಲ ಎರಡು ಪುಟ ತೆಗೆದುಹಾಕಿ, ಅಲ್ಲಿಂದ ಶುರು ಮಾಡಿ. ನಿವೃತ್ತಿಯಾಗುತ್ತಿರುವ ಮಾವನಿಗೆ ಗಾಳದ ಸಾಮಾನು ಮಾರುವ ಅಂಗಡಿಯ ಗಿಫ್ಟ್ ಕಾರ್ಡ್ ಕೊಡುತ್ತಿದ್ದೀರಿ, ಬರೀ ಪ್ಲಾಸ್ಟಿಕ್ ತುಂಡು ಕೈಗಿಡಲು ಮನಸ್ಸು ಬಾರದೆ ಕಾಗದದಲ್ಲಿ ಅದಕ್ಕೊಂದು ಚೀಲ ಮಾಡಿದ್ದೀರಿ. ವಿಷಯ ಇಷ್ಟೇ ಆದರೂ ಒಂದು ಬರಹಕ್ಕೆ ಬೇಕಾದಷ್ಟು ಇದರಲ್ಲಿದೆ.

ಇನ್ನು ಭಾಷೆ. ಮಾವನ ಸಾಲಿನಲ್ಲಿ ‘ಬೆಂಡು’ ಎಂದು ಬರೆದ ನೀವೇ, ತಯಾರಿಯ ಭಾಗ ಬರುತ್ತಲೇ ‘ತೇಲುವ ಸಾಧನ’ ಎನ್ನುತ್ತೀರಿ. ಗಾಳ ‘ಮೀನು ಹಿಡಿಯುವ ಕೊಂಡಿ’ ಆಗುತ್ತದೆ, ಮಾವ ‘ಮೀನುಗಾರಿಕೆ ಉತ್ಸಾಹಿ’ ಆಗುತ್ತಾರೆ. ಮನೆಯಲ್ಲಿ ಅವರನ್ನು ಹಾಗೆ ಯಾರಾದರೂ ಕರೆದಿದ್ದಾರೆಯೇ? ‘ಗಾಳ ಹಾಕುವ ಹುಚ್ಚು’ ಎನ್ನುತ್ತಾರೆ, ಅದು ಪ್ರೀತಿಯ ಮಾತೇ. ಹಾಗೆಯೇ ಬರೆಯಿರಿ. ‘ಉಡುಗೊರೆ ಪತ್ರ ಹಿಡಿಕೆ’ ಎಂದರೆ ಓದುಗರಿಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಗಿಫ್ಟ್ ಕಾರ್ಡ್ ಇಡುವ ಚೀಲ ಅನ್ನಿ, ಲಕೋಟೆ ಅನ್ನಿ, ಸಾಕು.

ಮುಖ್ಯ ತಕರಾರು ಮೀನಿನದು. ಚೀಲದ ಮೇಲೆ ಪಾಂಪ್ಲೆಟ್ ಮೀನಿನ ಆಕಾರ ಕತ್ತರಿಸಿ ಅಂಟಿಸಲು ಹೇಳಿದ್ದೀರಿ. ಅದು ದುಂಡಗೆ, ಅಗಲವಾಗಿ, ಕಾರ್ಡಿನ ಅಳತೆಗೆ ಹೊಂದುತ್ತದೆ ಎಂಬುದು ನಿಮ್ಮ ಲೆಕ್ಕ. ಆದರೆ ಪಾಂಪ್ಲೆಟ್ ಬಲೆಯ ಮೀನು. ನೀರಿನಲ್ಲಿ ತೇಲುವ ಸಣ್ಣ ಜೀವಿಗಳು, ಅಂಬಲಿಮೀನಿನಂಥವು (ಜೆಲ್ಲಿಫಿಶ್) ಅದರ ಆಹಾರ. ಗಾಳಕ್ಕೆ ಬೀಳುವುದು ತೀರಾ ಅಪರೂಪ. ಬದುಕಿಡೀ ಗಾಳ ಹಿಡಿದ ಮನುಷ್ಯನ ಕೈಗೆ ಪಾಂಪ್ಲೆಟ್ ಚಿತ್ರ ಕೊಟ್ಟರೆ ಅವರು ಬಾಯಿಬಿಟ್ಟು ಏನೂ ಅನ್ನಲಿಕ್ಕಿಲ್ಲ, ಆದರೆ ತನ್ನನ್ನು ಯಾರೂ ಸರಿಯಾಗಿ ನೋಡಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಅಳಿವೆಯಲ್ಲಿ ಚಟ್ಲಿ ಕಟ್ಟಿ ಕೂತವರಿಗೆ ಸಿಗುವುದು ಕಾಣೆ, ಕೆಂಬೇರಿಯಂಥ ಮೀನುಗಳು. ಕಾಣೆ ಅಂದಮೇಲೆ ಅದರ ಮೂತಿ ಚೂಪು, ಮೈ ನೀಳ, ಬಣ್ಣ ಮರಳಿನದು. ಬೆದರಿದರೆ ಮರಳಿನಲ್ಲೇ ಹೂತುಕೊಳ್ಳುತ್ತದೆ, ಮೇಯುವುದೂ ತಳದಲ್ಲೇ. ಅದರ ಆಕಾರದಲ್ಲಿ ಕಾರ್ಡು ಹಿಡಿಸುವಷ್ಟು ಅಗಲ ಇಲ್ಲ, ನಿಜ. ಹಾಗಾದರೆ ಚೀಲವನ್ನೇ ಮೀನು ಮಾಡಬೇಡಿ. ಚೀಲವನ್ನು ನೀರು ಮಾಡಿ. ತಳದಲ್ಲಿ ಮರಳು ಬಣ್ಣದ ಒಂದು ಪಟ್ಟಿ, ಅದರ ಮೇಲೆ ತೆಳ್ಳಗೆ ಒಂದು ಕಾಣೆ, ಚೀಲದ ಬಾಯಿಯ ಹತ್ತಿರ ಬೆಂಡು.

ಈ ಸಲಹೆ ಕೊಡಲು ಧೈರ್ಯ ಬಂದದ್ದು ನಿಮ್ಮದೇ ಕೊನೆಯ ಪ್ಯಾರಾದಿಂದ. ‘ಬೇಕಿದ್ದರೆ ಒಳಗೊಂದು ರಿಬ್ಬನ್ ಇಟ್ಟು ಕಾರ್ಡನ್ನು ಎಳೆದು ತೆಗೆಯುವಂತೆಯೂ ಮಾಡಬಹುದು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ. ‘ಬೇಕಿದ್ದರೆ’ ಅಲ್ಲ, ನಿಮ್ಮ ಬರಹದ ಜೀವ ಇರುವುದೇ ಅಲ್ಲಿ. ನಾನು ಮೇಜಿನ ಮೇಲೆ ಮಾಡಿ ನೋಡಿದೆ. ಸುಮಾರು 6 ಮಿ.ಮೀ. ಅಗಲ, 150 ಮಿ.ಮೀ. ಉದ್ದದ ರಿಬ್ಬನ್‌ನ ಒಂದು ತುದಿಯನ್ನು ಚೀಲದ ಹಿಂಬದಿಯ ಒಳಮೈಗೆ, ಬಾಯಿಂದ 10 ಮಿ.ಮೀ. ಕೆಳಗೆ ಅಂಟಿಸಿ, ಇನ್ನೊಂದು ತುದಿಯನ್ನು ಹೊರಗೆ ಬಿಟ್ಟೆ. ಕಾರ್ಡನ್ನು ಒಳಗೆ ದೂಡಿದಾಗ ರಿಬ್ಬನ್ ಅದರ ಅಡಿಗೆ ಸೇರಿ ಉಯ್ಯಾಲೆಯಂತೆ ಹಿಡಿದುಕೊಳ್ಳುತ್ತದೆ. ಹೊರಗಿನ ತುದಿ ಎಳೆದರೆ ಕಾರ್ಡು ಮೇಲೆ ಬರುತ್ತದೆ, ಅದೂ ಎಳೆದದ್ದರ ಅರ್ಧದಷ್ಟು ಮಾತ್ರ: 50 ಮಿ.ಮೀ. ಎಳೆದರೆ 25 ಮಿ.ಮೀ. ಏಳುತ್ತದೆ. ಆ ನಿಧಾನ ನೋಡಲು ಬಹಳ ಚೆಂದ. ಆ ತುದಿಗೆ ದಾರ, ದಾರಕ್ಕೆ ಬೆಂಡು ಕಟ್ಟಿದರೆ ಮಾವ ಬೆಂಡು ಹಿಡಿದು ಎಳೆಯುತ್ತಾರೆ, ತಳದಿಂದ ಕಾರ್ಡು ಏಳುತ್ತದೆ. ಇದಕ್ಕೆ ಒಂದು ವಾಕ್ಯ ಸಾಲದು, ಒಂದು ಪುಟ ಕೊಡಿ. ರಿಬ್ಬನ್ ಬದಲು ಕಾಗದದ ಪಟ್ಟಿ ಹಾಕಿದರೆ ಕಾರ್ಡಿನ ಅಂಚಿಗೆ ಮಡಿದು ನಾಲ್ಕೈದು ಸಲಕ್ಕೇ ಹರಿಯುತ್ತದೆ ಎಂಬುದನ್ನೂ ಸೇರಿಸಿ.

ಬೆಂಡನ್ನು ಅಂಗಡಿಯಿಂದ ತನ್ನಿ ಎಂದಿದ್ದೀರಿ. ಕಾಗದದಲ್ಲೇ ಆಗುತ್ತದಲ್ಲ! 200 ಮಿ.ಮೀ. ಉದ್ದ, ಬುಡದಲ್ಲಿ 20 ಮಿ.ಮೀ. ಅಗಲ ಇರುವ ಉದ್ದನೆಯ ತ್ರಿಕೋನ ಪಟ್ಟಿಯನ್ನು ಬುಡದಿಂದ ಶುರುಮಾಡಿ ದಪ್ಪ ಸೂಜಿಗೆ ಬಿಗಿಯಾಗಿ ಸುತ್ತುತ್ತಾ ಹೋದರೆ ನಡು ಉಬ್ಬಿ ಎರಡೂ ತುದಿ ಸಣ್ಣಗಾದ ಮಣಿ ಆಗುತ್ತದೆ. ಬೆಂಡಿನ ಆಕಾರ ಅದೇ. ಮೇಲರ್ಧ ಕೆಂಪು, ಕೆಳಗರ್ಧ ಬಿಳಿ ಬಳಿಯಿರಿ. ಸೂಜಿ ತೆಗೆದ ತೂತಿನಲ್ಲಿ ದಾರ ಹಾಯುತ್ತದೆ.

ಅಳತೆಯಲ್ಲಿ ಎಡವಿದ್ದೀರಿ. ಗಿಫ್ಟ್ ಕಾರ್ಡ್ ಸಾಮಾನ್ಯವಾಗಿ ಎಟಿಎಂ ಕಾರ್ಡಿನಷ್ಟೇ ಇರುತ್ತದೆ: 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ, ದಪ್ಪ 0.76 ಮಿ.ಮೀ. ನೀವು ಚೀಲಕ್ಕೂ 86 × 54 ಎಂದೇ ಕೊಟ್ಟಿದ್ದೀರಿ. ಆ ಪ್ರಕಾರ ಮಾಡಿದ ಚೀಲದಲ್ಲಿ ಕಾರ್ಡು ಅರ್ಧಕ್ಕೆ ಸಿಕ್ಕಿಕೊಂಡಿತು, ಒತ್ತಿದರೆ ಅಂಟು ಬಿಟ್ಟಿತು. ಎರಡನೇ ಸಲ ಒಳ ಅಳತೆ 92 × 60 ಇಟ್ಟೆ. ಹಿಂಬದಿ 60, ಮುಂಬದಿ 60, ಮೇಲಿನ ಮುಚ್ಚಳ 35, ಎರಡು ಪಕ್ಕದ ಅಂಟಂಚು 12ರಂತೆ, ಒಟ್ಟು 155 × 116 ಮಿ.ಮೀ. ತುಂಡು. ಒಂದು ಎ4 ಹಾಳೆಯಲ್ಲಿ ಇಂಥವು ಎರಡು ಬರುತ್ತವೆ, ಮೊದಲನೆಯದು ಕೆಟ್ಟರೂ ಚಿಂತೆಯಿಲ್ಲ. ಬರೆದದ್ದನ್ನು ನೀವೇ ಓದಿಕೊಂಡು, ನೆನಪಿನಿಂದಲ್ಲದೆ ಹಾಳೆಯ ಮೇಲಿನ ಅಕ್ಷರದಿಂದಲೇ ಇನ್ನೊಂದು ಚೀಲ ಮಾಡಿ ನೋಡಿ. ತಯಾರಿ ಹೇಳಿಕೊಡುವ ಯಾವ ಬರಹಕ್ಕೂ ಇದನ್ನು ತಪ್ಪಿಸಬೇಡಿ. ಓದುಗರು ನಿಮ್ಮನ್ನು ನಂಬಿ ಕತ್ತರಿ ಹಿಡಿಯುತ್ತಾರೆ.

‘ದಪ್ಪ ಕಾಗದ’ ಎಂದರೆ ಎಷ್ಟು ದಪ್ಪ? 250 ಜಿಎಸ್ಎಂ (ಚದರ ಮೀಟರಿಗೆ 250 ಗ್ರಾಂ ತೂಗುವ ಕಾಗದ) ಎಂದು ಬರೆಯಿರಿ. ಅಷ್ಟು ದಪ್ಪದ ಕಾಗದವನ್ನು ಸುಮ್ಮನೆ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆ ಸುಲಭವಾಗಿ ಬಾಗುತ್ತದೆ. ನಾರಿನ ಎಳೆ ಇರುವುದು ಆ ಬಾಗಿನ ಉದ್ದಕ್ಕೆ, ಮುಖ್ಯ ಮಡಿಕೆಗಳೂ ಹಾಗೆಯೇ ಬರಬೇಕು. ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಗೀರೆಳೆದು, ಹಿಂಬದಿಯಲ್ಲಿ ಏಳುವ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಸಬೇಕು. ಉಲ್ಟಾ ಮಡಿಸುವವರೇ ಹೆಚ್ಚು.

‘ಅಂಟು ಹಚ್ಚಿ ಐದು ನಿಮಿಷ ಬಿಡಿ’ ಎಂದದ್ದು ಬೇಸಿಗೆಗೆ ಸರಿ. ಮಾವನ ನಿವೃತ್ತಿ ಜುಲೈನಲ್ಲಿ ಎಂದು ನೀವೇ ಬರೆದಿದ್ದೀರಿ. ಕುಂದಾಪುರದ ಜುಲೈ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕೇ? ಬಟ್ಟೆಯೇ ಒಣಗದ ಕಾಲದಲ್ಲಿ ಫೆವಿಕಾಲ್ ಒಣಗುವುದುಂಟೇ? ನೀರಿನಂಶದ ಅಂಟು, ತೇವ ಹೀರುವ ಕಾಗದ ಎರಡೂ ಸೇರಿ ಚೀಲ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಪಕ್ಕದ ಅಂಚುಗಳಿಗೆ ಎರಡೂ ಬದಿ ಅಂಟುವ ಟೇಪು ಹಾಕಿ. ಅಂಟೇ ಬೇಕಿದ್ದರೆ ತೀರಾ ತೆಳ್ಳಗೆ ಸವರಿ ಒಂದು ರಾತ್ರಿ ದಪ್ಪ ಪುಸ್ತಕದ ಅಡಿ ಇಡಿ. ಕಾರ್ಡಿಗೆ ಮಾತ್ರ ಯಾವ ಅಂಟೂ ಟೇಪೂ ತಾಗಬಾರದು, ಕೆರೆದು ನೋಡುವ ಪಟ್ಟಿ ಕಿತ್ತು ಬಂದರೆ ಉಡುಗೊರೆಯೇ ಹೋಯಿತು. ಕಾರ್ಡಿಲ್ಲದೆ ಮೊಬೈಲಿಗೆ ಬರೀ ಸಂಖ್ಯೆ ಬಂದವರು ಅದೇ ಅಳತೆಯ ದಪ್ಪ ಕಾಗದ ಕತ್ತರಿಸಿ ಅದರ ಮೇಲೆ ಸಂಖ್ಯೆ ಬರೆದಿಡಬಹುದು, ಅದಕ್ಕೂ ಒಂದು ಸಾಲು ಬೇಕು.

ಜುಲೈ ಎಂದಾಗ ನೆನಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುವಾಗ, ಐದು ನದಿಗಳ ಕೆಂಪು ನೀರು ಪಂಚಗಂಗಾವಳಿಯಾಗಿ ಕಡಲಿಗೆ ನುಗ್ಗುವಾಗ, ಕೊಡೆ ಹಿಡಿದು ಗಾಳ ಹಾಕಿ ಕೂರುವವರಲ್ಲಿ ನಿಮ್ಮ ಮಾವನೂ ಒಬ್ಬರೇ? ಹೌದಾದರೆ ಅದು ನಿಮ್ಮ ಬರಹದಲ್ಲಿ ಇರಲೇಬೇಕು.

ಕೊನೆಯದಾಗಿ, ಅಲಂಕಾರಕ್ಕೆಂದು ನಿಜವಾದ ಗಾಳ ಅಂಟಿಸಲು ಹೇಳಿದ್ದನ್ನು ದಯವಿಟ್ಟು ತೆಗೆಯಿರಿ. ‘10ನೇ ನಂಬರಿನ ದೊಡ್ಡ ಗಾಳ’ ಎಂಬುದೇ ತಪ್ಪು. ಗಾಳದ ಆ ನಂಬರುಗಳ ಸರಣಿಯಲ್ಲಿ ಅಂಕಿ ಏರಿದಂತೆ ಗಾಳ ಚಿಕ್ಕದಾಗುತ್ತದೆ, 10 ನಂಬರಿನದು 4ಕ್ಕಿಂತ ಸಣ್ಣದು. ಮಾವ ಓದಿದರೆ ಅಲ್ಲೇ ನಿಲ್ಲುತ್ತಾರೆ. ತಪ್ಪಿಗಿಂತ ಹೆಚ್ಚಾಗಿ ನನಗೆ ಭಯ ಆ ಮುಳ್ಳಿನದು. ಹಿಂದಕ್ಕೆ ಚಾಚಿದ ಆ ಮುಳ್ಳು ಬೆರಳಿಗೆ ಹೊಕ್ಕರೆ ಎಳೆದಷ್ಟೂ ಮಾಂಸ ಹಿಡಿಯುತ್ತದೆ, ಉಡುಗೊರೆ ಬಿಚ್ಚಲು ಮೊದಲು ಓಡಿ ಬರುವುದು ಮನೆಯ ಮಕ್ಕಳು. ಪೇಪರ್ ಕ್ಲಿಪ್ಪನ್ನು ಬಿಡಿಸಿ ಬಾಗಿಸಿದರೆ ಮುಳ್ಳಿಲ್ಲದ ಗಾಳ ಸಿಗುತ್ತದೆ. ಅದಕ್ಕೆ ಹತ್ತಿಯ ದಾರ ಕಟ್ಟಿ. ನೈಲಾನ್ ದಾರವೇ ಬೇಕೆಂದಿದ್ದರೆ ಸಾದಾ ಗಂಟು ಜಾರುತ್ತದೆ. ಗಾಳ ಹಾಕುವವರು ತುದಿಯನ್ನು ಗಾಳದ ಕಣ್ಣಿನಲ್ಲಿ (ತಲೆಯ ತೂತಿನಲ್ಲಿ) ತೂರಿಸಿ, ದಾರಕ್ಕೇ ಐದು ಸುತ್ತು ಸುತ್ತಿ, ಕಣ್ಣಿನ ಬಳಿಯ ಸಣ್ಣ ಕುಣಿಕೆಯಲ್ಲಿ ಹಿಂದಕ್ಕೆ ಹಾಯಿಸಿ, ಎಂಜಲಿನಿಂದ ಒದ್ದೆ ಮಾಡಿ ಎಳೆಯುತ್ತಾರೆ. ಆ ಗಂಟನ್ನು ಮಾವನಿಂದಲೇ ಕಲಿಯಿರಿ, ಯಾಕೆಂದು ಹೇಳಬೇಡಿ.

ಪದಗಳು ಎಂಟುನೂರು ದಾಟದಿರಲಿ. ಫೋಟೋ ಎರಡು ಸಾಕು: ಬಿಡಿಸಿಟ್ಟ ತುಂಡಿನದೊಂದು, ಬೆಂಡು ಎಳೆದಾಗ ಅರ್ಧ ಎದ್ದ ಕಾರ್ಡಿನದೊಂದು. ಮಾವ ಯಾವ ಮೀನಿಗೆ ಕಾಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಕಾಣೆ ಎಂದು ನಾನು ಊಹಿಸಿದ್ದು, ಕೆಂಬೇರಿ ಎಂದರೆ ಕಾಗದದ ಬಣ್ಣ ಬದಲಿಸಬೇಕಾಗುತ್ತದೆ.

ನಿಮ್ಮ,
ಸಂಪಾದಕ