ಟರ್ಬೊ ಕಾರಿಗೆ 100 ಆಕ್ಟೇನ್ ಹಾಕಿಸಿದ ಮೇಲೆ ಇಸಿಯು ರಿಸೆಟ್ ಮಾಡಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಕಾರಿನಲ್ಲಿರುವುದು 1.0 ಟಿಎಸ್‌ಐ (ಫೋಕ್ಸ್‌ವ್ಯಾಗನ್, ಸ್ಕೋಡಾದ ಟರ್ಬೊ ಪೆಟ್ರೋಲ್ ಇಂಜಿನ್), ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇಲ್ಲಿವರೆಗೆ ಸಾದಾ ಪೆಟ್ರೋಲ್ ಹಾಕಿಸುತ್ತಿದ್ದಿರಿ, ಈಗ 100 ಆಕ್ಟೇನ್ ಹಾಕಿಸಿದ್ದೀರಿ. "ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಅರ್ಧ ಗಂಟೆ ಬಿಚ್ಚಿಡು, ಇಲ್ಲಾಂದ್ರೆ ಇಸಿಯು ಹಳೇ ಪೆಟ್ರೋಲಿನ ಲೆಕ್ಕದಲ್ಲೇ ಇರುತ್ತೆ, ದುಡ್ಡು ದಂಡ" ಅಂತ ಗೆಳೆಯರು ಹೇಳಿದ್ದಾರೆ. (ಇಸಿಯು ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ರಿಸೆಟ್ ಅಂದರೆ ಅದು ಕಲಿತದ್ದನ್ನು ಅಳಿಸುವುದು.) ಇದು ನಿಜವಾ, ವಾಪಸ್ ಸಾದಾ ಪೆಟ್ರೋಲ್‌ಗೆ ಬಂದಾಗ ಮತ್ತೆ ಬಿಚ್ಚಬೇಕಾ ಅಂತ ಕೇಳಿದ್ದೀರಿ.

ಎರಡಕ್ಕೂ ಬೇಡ. ಕಂಪನಿಯಿಂದ ಬಂದ ಹಾಗೇ ಇರುವ ಕಾರಾದರೆ ಮೊದಲನೆಯದರ ಅಗತ್ಯವೇ ಇಲ್ಲ. ಎರಡನೆಯದಂತೂ ಉಲ್ಟಾ ಕೆಲಸ. ಯಾಕೆ ಅಂತ ಹೇಳುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ, ಆದರೆ ನನ್ನ ಕಾರಿನಲ್ಲೂ ಇಂಥದ್ದೇ ಇಂಜಿನ್ ಇದೆ. ಓಬಿಡಿ ಪೋರ್ಟ್‌ಗೆ (ಮೆಕ್ಯಾನಿಕ್‌ಗಳು ಸ್ಕ್ಯಾನರ್ ಸಿಕ್ಕಿಸುವ ಜಾಗ) ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಫೋನಿನ ಆ್ಯಪ್‌ನಲ್ಲಿ ಒಳಗೇನು ನಡೀತಿದೆ ಅಂತ ನೋಡುವ ಚಟವೂ ಇದೆ.

ಮೊದಲು ಆಕ್ಟೇನ್ ವಿಷಯ. ಆಕ್ಟೇನ್ ಜಾಸ್ತಿ ಅಂದರೆ ಪೆಟ್ರೋಲಿನಲ್ಲಿ ಶಕ್ತಿ ಜಾಸ್ತಿ ಅಂತ ಅಲ್ಲ. ಒತ್ತಡ, ಬಿಸಿ ಎರಡನ್ನೂ ತಡೆದುಕೊಂಡು, ಪ್ಲಗ್‌ನ ಕಿಡಿ ಹೊತ್ತಿಸಿದ ಬೆಂಕಿ ಬಂದು ಮುಟ್ಟುವವರೆಗೆ ತಾನಾಗಿ ಹೊತ್ತಿಕೊಳ್ಳದೆ ಕಾಯುವ ತಾಕತ್ತು ಅಷ್ಟೇ. ಕಿಡಿ ಹಾರಿ ಬೆಂಕಿ ಹರಡುತ್ತಿರುವಾಗ ಮೂಲೆಯಲ್ಲಿ ಉಳಿದ ಪೆಟ್ರೋಲ್ ಗಾಳಿಯ ಮಿಶ್ರಣ ತನ್ನಷ್ಟಕ್ಕೆ ಹೊತ್ತಿಕೊಂಡರೆ ಅದೇ ನಾಕಿಂಗ್. ಟರ್ಬೊ ಗಾಳಿಯನ್ನು ಒತ್ತಿ ತುರುಕುವುದರಿಂದ ಒಳಗಿನ ಒತ್ತಡವೂ ಬಿಸಿಯೂ ಮೊದಲೇ ಜಾಸ್ತಿ. ಹಾಗಾಗಿ ಸಾದಾ ಇಂಜಿನ್‌ಗಿಂತ ಟರ್ಬೊ ಇಂಜಿನ್‌ಗೆ ಆಕ್ಟೇನ್ ಹೆಚ್ಚು ಮುಖ್ಯ.

ಇದನ್ನು ಹಿಡಿಯಲು ಇಂಜಿನ್ ಬ್ಲಾಕ್‌ಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಇರುತ್ತದೆ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ, ಲೋಹದ ಒಳಗಿನ ಕಂಪನವನ್ನು ಕೇಳುತ್ತಾ ಕೂತಿರುತ್ತದೆ. ನಾಕ್ ಕೇಳಿಸಿತು ಅಂದ ತಕ್ಷಣ ಇಸಿಯು ಆ ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ. ನಾಕ್ ನಿಂತರೆ ಒಂದೇ ಸಲ ವಾಪಸ್ ಹೋಗುವುದಿಲ್ಲ, ಮೆಲ್ಲಗೆ ಸ್ವಲ್ಪ ಸ್ವಲ್ಪವೇ ಮುಂದೆ ತರುತ್ತದೆ. ಹಿಂದೆ ಸರಿಯುವುದು ಬೇಗ, ಮುಂದೆ ಬರುವುದು ನಿಧಾನ. ನಿಮ್ಮ ಗೆಳೆಯರ ಮಾತು ಹುಟ್ಟಿದ್ದು ಈ ನಿಧಾನದಿಂದಲೇ. ಆದರೆ ನಿಧಾನ ಅಂದರೆ ತಿಂಗಳುಗಟ್ಟಲೆ ಅಲ್ಲ. ಹೈವೇಯಲ್ಲಿ ಒಂದು ಒಳ್ಳೆ ಡ್ರೈವ್ ಸಾಕು.

ಇದನ್ನು ಕಣ್ಣಾರೆ ನೋಡಬೇಕಾದರೆ ಶಿರಾಡಿ ಘಾಟಿಯಂಥ ಜಾಗ ಬೇಕು. ಗುಂಡ್ಯದಿಂದ ಸಕಲೇಶಪುರದ ಕಡೆ ಹತ್ತುತ್ತಿದ್ದೆವು. ಬೇಸಿಗೆಯ ಮಧ್ಯಾಹ್ನ, ಎಸಿ ಫುಲ್, ಮುಂದೆ ಗ್ಯಾಸ್ ಟ್ಯಾಂಕರ್. ಫೋನು ತಮ್ಮನ ಕೈಯಲ್ಲಿತ್ತು (ಡ್ರೈವ್ ಮಾಡುವವರು ದಯವಿಟ್ಟು ನೋಡಬೇಡಿ, ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡಿ). ಟ್ಯಾಂಕರ್ ದಾಟಲು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಅಲ್ಲಿವರೆಗೆ ಸೊನ್ನೆ ತೋರಿಸುತ್ತಿದ್ದ ಒಂದು ಸಿಲಿಂಡರಿನ ರಿಟಾರ್ಡ್ ಸಂಖ್ಯೆ (ಕಿಡಿ ಎಷ್ಟು ತಡವಾಗಿದೆ ಅನ್ನುವುದು) ಸರಕ್ಕನೆ ನಾಲ್ಕು ಡಿಗ್ರಿಯ ಹತ್ತಿರ ಹೋಯಿತು. ಉಳಿದೆರಡು ಅದರ ಅರ್ಧದಷ್ಟರಲ್ಲೇ ನಿಂತವು. ಕಿವಿಗೆ ಏನೂ ಕೇಳಿಸಲಿಲ್ಲ. ಟ್ಯಾಂಕರ್ ಹಿಂದಾಯಿತು, ಕಾಲು ತೆಗೆದೆ, ಸಂಖ್ಯೆ ಇಳಿಯಿತು. ಮುಂದಿನ ತಿರುವಿನಲ್ಲಿ ಮತ್ತೆ ಒತ್ತಿದಾಗ ಮೊದಲೇ ಒಂದಿಷ್ಟು ತಡ ಮಾಡಿಕೊಂಡೇ ಶುರು ಮಾಡಿತು. ಅದೇ ಕಲಿತದ್ದು. ಟ್ಯಾಂಕಿನಲ್ಲಿ ಹೆಚ್ಚಿನ ಆಕ್ಟೇನ್ ಇದ್ದಾಗ ಇದೇ ಘಾಟಿಯಲ್ಲಿ ಆ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲೇ ಆಡುತ್ತಿತ್ತು. ಮಧ್ಯೆ ನಾನು ಯಾವ ವೈರನ್ನೂ ಬಿಚ್ಚಿರಲಿಲ್ಲ.

ಆದರೆ ಒಂದು ಮಾತು. ಇಸಿಯು ಕಲಿಯಬೇಕಾದರೆ ಇಂಜಿನ್ ಮೇಲೆ ಭಾರ ಬೀಳಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳುವಾಗ ಟರ್ಬೊ ಹೆಚ್ಚುಕಡಿಮೆ ಸುಮ್ನೆ ಕೂತಿರುತ್ತದೆ. ಅಲ್ಲಿ ನಾಕಿಂಗ್ ಆಗುವ ಪರಿಸ್ಥಿತಿಯೇ ಬರುವುದಿಲ್ಲ, ಹಾಗಾಗಿ ಹೊಸ ಪೆಟ್ರೋಲ್ ಹೇಗಿದೆ ಅಂತ ಪರೀಕ್ಷೆ ಮಾಡುವ ಅವಕಾಶವೂ ಸಿಗುವುದಿಲ್ಲ. ಬರೀ ಆಫೀಸು, ಮನೆ ಅಂತ ಓಡಿಸಿ "100 ಹಾಕಿಸಿದರೂ ಏನೂ ಗೊತ್ತಾಗಲಿಲ್ಲ" ಅನ್ನುವವರ ತೊಂದರೆ ಇಸಿಯು ನೆನಪಿನದ್ದಲ್ಲ. ಅವರ ಓಡಾಟಕ್ಕೆ ಆ ಪೆಟ್ರೋಲಿನ ಕೆಲಸವೇ ಇಲ್ಲ.

ಈಗ ಕೆಳಗಿಳಿಯುವ ಕಡೆ ಬನ್ನಿ. 100ರಿಂದ ಸಾದಾಕ್ಕೆ ಬಂದಿದ್ದೀರಿ, ರಿಸೆಟ್ ಮಾಡಿದಿರಿ ಅಂದುಕೊಳ್ಳಿ. ನಾಕ್ ನೆನಪು ಅಳಿಸಿ ಹೋಗಿ, ಎಷ್ಟೋ ಕಾರುಗಳಲ್ಲಿ ಇಸಿಯು "ಒಳ್ಳೆ ಪೆಟ್ರೋಲ್ ಇದೆ" ಅಂದುಕೊಂಡೇ ಶುರು ಮಾಡುತ್ತದೆ. ಮೊದಲ ಸಲ ಜೋರಾಗಿ ಒತ್ತಿದಾಗ ನಾಕ್ ಆಗಿಯೇ ಅದಕ್ಕೆ ಪಾಠ. ಕಂಪನಿ ಮ್ಯಾಪ್ (ಕಿಡಿ, ಪೆಟ್ರೋಲ್, ಬೂಸ್ಟ್ ಎಷ್ಟಿರಬೇಕು ಅಂತ ಇಸಿಯುನಲ್ಲಿ ಬರೆದಿಟ್ಟ ಲೆಕ್ಕ; ಬೂಸ್ಟ್ ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ) ಇರುವ ಕಾರಿನಲ್ಲಿ ಇದರಿಂದ ಇಂಜಿನ್ ಒಡೆದು ಹೋಗುವುದಿಲ್ಲ, ಸೆನ್ಸರ್ ಕೂಡಲೇ ಹಿಡಿಯುತ್ತದೆ. ಆದರೂ ಕಲಿತ ಎಚ್ಚರಿಕೆಯನ್ನು ಕೈಯಾರೆ ಅಳಿಸಿ ಸಾಧಿಸುವುದೇನು? ಇಳಿಯುವಾಗ ಮಾಡಬೇಕಾದ್ದು ಒಂದೇ, ಮೊದಲೊಂದಿಷ್ಟು ದೂರ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ.

ಈ ರಿಸೆಟ್ ಕಥೆ ಪೂರ್ತಿ ಸುಳ್ಳೂ ಅಲ್ಲ. ಜಪಾನಿನ ಸುಬಾರು ಕಂಪನಿಯ ಹಳೇ ಡಬ್ಲ್ಯುಆರ್‌ಎಕ್ಸ್ ಟರ್ಬೊ ಕಾರುಗಳಲ್ಲಿ ಪೆಟ್ರೋಲ್ ಎಷ್ಟು ಒಳ್ಳೆಯದು ಅಂತ ಇಸಿಯು ಒಂದು ಸಂಖ್ಯೆಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಪೂರ್ತಿ ನಂಬಿಕೆ ಅಂದರೆ 1, ಕೆಟ್ಟ ಪೆಟ್ರೋಲ್ ಬಿದ್ದರೆ ಕೆಳಗೆ. ಒಮ್ಮೆ ಕೆಳಗಿಳಿದರೆ, ನಿರ್ದಿಷ್ಟ ಆರ್‌ಪಿಎಂ ಮತ್ತು ಭಾರದಲ್ಲಿ ಓಡಿಸಿದರೆ ಮಾತ್ರ ಮೇಲೆ ಬರುತ್ತಿತ್ತು. ಅದಕ್ಕೆ ಆ ಕಾರಿನ ಹುಚ್ಚರು ರಿಸೆಟ್ ಮಾಡಿ ಮೊದಲಿಂದ ಕಲಿಸುತ್ತಿದ್ದರು. ತಮಾಷೆ ಅಂದರೆ ರಿಸೆಟ್ ಆದ ಮೇಲೆ ಆ ಸಂಖ್ಯೆ 1ರಿಂದ ಅಲ್ಲ, ಅರ್ಧದಿಂದ ಶುರುವಾಗುತ್ತಿತ್ತು. ಅಂದರೆ ಒಳ್ಳೆ ಪೆಟ್ರೋಲ್ ಹಾಕಿ, ಎಲ್ಲ ಸರಿ ಇರುವ ಕಾರನ್ನು ರಿಸೆಟ್ ಮಾಡಿದವರು ಸ್ವಲ್ಪ ಹೊತ್ತು ಮೊದಲಿಗಿಂತ ಮಂದ ಕಾರು ಓಡಿಸುತ್ತಿದ್ದರು! ಆ ಕಾರಿಗೆ ಹುಟ್ಟಿದ ಸಲಹೆ ಈಗ ಎಲ್ಲಾ ಟರ್ಬೊ ಕಾರಿಗೂ ಅಂಟಿಕೊಂಡಿದೆ.

ಬ್ಯಾಟರಿ ಬಿಚ್ಚುವುದರ ಇನ್ನೊಂದು ತೊಂದರೆ ಕೇಳಿ. ಈಗಿನ ಎಷ್ಟೋ ಕಾರುಗಳಲ್ಲಿ ಕಲಿತದ್ದನ್ನು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಇಡುತ್ತಾರೆ. ಅರ್ಧ ಗಂಟೆ ಅಲ್ಲ, ರಾತ್ರಿಯಿಡೀ ಬಿಚ್ಚಿಟ್ಟರೂ ಅದು ಅಲ್ಲೇ ಇರುತ್ತದೆ. ಹೋಗುವುದು ಬೇರೆ ಬೇರೆ. ಗಡಿಯಾರ ತಪ್ಪುತ್ತದೆ, ಕಿಟಕಿಯ ಒಂದೇ ಒತ್ತಿಗೆ ಮೇಲೆ ಹೋಗುವ ಸೌಲಭ್ಯ ಮರೆತುಹೋಗುತ್ತದೆ, ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ತನ್ನ ನಡು ಎಲ್ಲಿದೆ ಅಂತ ಮರೆತು ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹಚ್ಚುತ್ತದೆ. ಇವೆಲ್ಲ ಸರಿಯಾಗುವಂಥವೇ, ಆದರೆ ಸುಮ್ನೆ ಮೈಮೇಲೆ ಎಳೆದುಕೊಂಡಂತೆ. ನಿಜವಾಗಿ ರಿಸೆಟ್ ಬೇಕಾದರೆ ಸ್ಕ್ಯಾನರ್‌ನಿಂದ ಲರ್ನ್ಡ್ ವ್ಯಾಲ್ಯೂ (ಇಸಿಯು ಕಲಿತಿಟ್ಟ ಸಂಖ್ಯೆಗಳು) ಅಳಿಸುವುದೇ ಸರಿಯಾದ ದಾರಿ.

ಅಳಿಸಿದಾಗ ನಾಕ್ ನೆನಪು ಒಂದೇ ಹೋಗುವುದಿಲ್ಲ, ಫ್ಯುಯೆಲ್ ಟ್ರಿಮ್ ಕೂಡ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಹೇಳಿದಂತೆ ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡಬೇಕು ಅಂತ ಇಸಿಯು ಇಟ್ಟುಕೊಂಡ ಲೆಕ್ಕ ಅದು. ನಿಮ್ಮ ಇಂಜೆಕ್ಟರ್, ನಿಮ್ಮ ಸೆನ್ಸರ್ ಹೇಗೆ ಸವೆದಿವೆ ಅನ್ನುವುದೆಲ್ಲ ಅದರಲ್ಲಿ ಸೇರಿರುತ್ತದೆ. ಆಕ್ಟೇನ್ ಬದಲಾಯಿತು ಅಂತ ಅದನ್ನೂ ಅಳಿಸುವುದಕ್ಕೆ ಕಾರಣವೇ ಇಲ್ಲ.

ಪೆಟ್ರೋಲಿನ ಆಕ್ಟೇನ್ ಅಲ್ಲ, ಅದರಲ್ಲಿನ ಎಥೆನಾಲ್ ಪ್ರಮಾಣ ಬದಲಾದರೆ ಈ ಟ್ರಿಮ್ ಅಲ್ಲಾಡುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲ್ 1 ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇ20ಗೆ, ಅಂದರೆ ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ, 13.5ರ ಹತ್ತಿರ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಜಾಸ್ತಿ ಸುರಿಯಬೇಕು. ಮೈಲೇಜ್ ಕಡಿಮೆಯಾಗುವುದಕ್ಕೆ ಒಂದು ಕಾರಣವೂ ಇದೇ. ಈ ವ್ಯತ್ಯಾಸವನ್ನು ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಆಗಿಂದಾಗಲೇ ಸರಿಪಡಿಸುತ್ತದೆ, ಆಮೇಲೆ ನೆನಪಿಗೆ ಸೇರಿಸಿಕೊಳ್ಳುತ್ತದೆ.

"ನಾನು ರಿಸೆಟ್ ಮಾಡಿದೆ, ಪಿಕಪ್ ಸೂಪರ್ ಆಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕೂಡಿಟ್ಟ ರಿಟಾರ್ಡ್ ಒಮ್ಮೆಲೇ ಹೋದರೆ ಸ್ವಲ್ಪ ಹೊತ್ತು ಕಾರು ಚುರುಕಾಗಿ ಅನಿಸಬಹುದು. ಟ್ಯಾಂಕಿನಲ್ಲಿ ಅದೇ ಹಳೇ ಪೆಟ್ರೋಲ್ ಇದ್ದರೂ ಹಾಗೇ ಅನಿಸುತ್ತದೆ! ಘಾಟಿ ಸಿಕ್ಕಾಗ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಇನ್ನು ಬಾನೆಟ್ ತೆಗೆದು ಏನೋ ಕೆಲಸ ಮಾಡಿದ ಮೇಲೆ ಕಾರು ಚೆನ್ನಾಗಿ ಓಡಿದ ಹಾಗೆ ಅನಿಸುವುದು ನಮಗೆಲ್ಲ ಇರುವ ಕಾಯಿಲೆ ಅಲ್ವಾ?

ನಿಜವಾದ ಪ್ರಶ್ನೆ 100 ಆಕ್ಟೇನ್ ಬೇಕಾ ಅನ್ನುವುದು. ಇಲ್ಲಿ ಒಂದು ಬದಲಾವಣೆಯನ್ನು ಬಹಳ ಜನ ಗಮನಿಸಿಲ್ಲ. ಮೊದಲು ಬಂಕಿನ ಸಾದಾ ಪೆಟ್ರೋಲ್ ಅಂದರೆ ಕನಿಷ್ಠ 91 ರಾನ್ (ನಮ್ಮಲ್ಲಿ ಆಕ್ಟೇನ್ ಅಳೆಯುವ ಲೆಕ್ಕ). 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇ20ಗೆ ಚಾಲನೆ ಕೊಟ್ಟರು. ಈಗ ಬಂಕಿನ ಸಾದಾ ಪೆಟ್ರೋಲ್ ಆಗಿರುವ ಈ ಇ20ಗೆ ನಿಗದಿಯಾದದ್ದು 95 ರಾನ್. ಎಥೆನಾಲ್‌ನ ಆಕ್ಟೇನ್ 108ರ ಆಸುಪಾಸು, ಅದು ಸೇರಿದಾಗ ಸಂಖ್ಯೆ ಮೇಲೇರುತ್ತದೆ. ಹಾಗಾಗಿ 91ರಿಂದ 100ಕ್ಕೆ ಹಾರುತ್ತಿದ್ದೇನೆ ಅಂತ ಅಂದುಕೊಂಡಿದ್ದರೆ, ನಿಜವಾದ ಜಿಗಿತ 95ರಿಂದ 100ಕ್ಕೆ. ಬಂಕಿನಲ್ಲಿ 95 ಅಂತ ಹೆಸರಿರುವ ಪ್ರೀಮಿಯಂಗೆ ಹೆಚ್ಚು ಕೊಡುವವರು ಈಗ ಕೊಡುತ್ತಿರುವುದು ಮುಖ್ಯವಾಗಿ ಅಡಿಟಿವ್‌ಗೆ. ನೀವು ಓದಿದ ಸಲಹೆ ಅಮೆರಿಕದ್ದಾಗಿದ್ದರೆ ಅಲ್ಲಿನ ಸಂಖ್ಯೆಗಳ ಲೆಕ್ಕವೇ ಬೇರೆ. ಅಲ್ಲಿನ 87 ನಮ್ಮ ಲೆಕ್ಕದಲ್ಲಿ 91-92, ಅಲ್ಲಿನ 93 ಸುಮಾರು 98.

ಪೆಟ್ರೋಲ್ ಮುಚ್ಚಳದ ಒಳಗೆ ಸ್ಟಿಕ್ಕರ್ ಇದ್ದರೆ ನೋಡಿ, ಇಲ್ಲಾಂದ್ರೆ ಮ್ಯಾನುಯಲ್ ತೆಗೆಯಿರಿ. ಕಾರನ್ನು 95ಕ್ಕೆ ಹೊಂದಿಸಿದ್ದರೆ, ಮ್ಯಾಪಿನಲ್ಲಿ ಬರೆದ ಟೈಮಿಂಗ್ (ಕಿಡಿ ಹಾರಬೇಕಾದ ಹೊತ್ತು) ಸಿಕ್ಕ ಮೇಲೆ ಹೆಚ್ಚಿನ ಆಕ್ಟೇನ್‌ಗೆ ಮಾಡಲು ಕೆಲಸ ಉಳಿಯುವುದಿಲ್ಲ. ಇಂಡಿಯನ್ ಆಯಿಲ್‌ನವರು 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ತಂದಾಗಲೇ ಬೆಲೆ ಲೀಟರಿಗೆ 160 ರೂಪಾಯಿಯ ಆಸುಪಾಸು ಇತ್ತು. ಬೆಂಗಳೂರಿನ ತಂಪಿನಲ್ಲಿ ದಿನಾ ಅದನ್ನು ಹಾಕಿಸುವುದು ನನ್ನ ಪ್ರಕಾರ ಶೋಕಿ. ಏಪ್ರಿಲ್, ಮೇನಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಐದು ಜನ ಕೂತು ಹೈವೇಯಲ್ಲಿ ಓಡಿಸುವವರಿಗೆ ಹೆಚ್ಚಿನ ಆಕ್ಟೇನ್ ಸ್ವಲ್ಪ ಕೆಲಸಕ್ಕೆ ಬರುತ್ತದೆ, ಒಳಗೆ ಹೋಗುವ ಗಾಳಿಯೇ ಅಷ್ಟು ಬಿಸಿ. ಒಂದು ಎಚ್ಚರಿಕೆ ಕೂಡ: ಚಿಕ್ಕ ಟರ್ಬೊ ಇಂಜಿನ್‌ನಲ್ಲಿ 1500 ಆರ್‌ಪಿಎಂನಲ್ಲಿ ಮೇಲಿನ ಗೇರ್‌ನಲ್ಲೇ ಘಾಟಿ ಎಳೆಸುವ ಅಭ್ಯಾಸಕ್ಕೆ 100 ಆಕ್ಟೇನ್ ಪರಿಹಾರ ಅಲ್ಲ. ಗೇರ್ ಇಳಿಸಿ, ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕಿಸಿ.

ರಿಸೆಟ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ನೀರು ಅಥವಾ ಕಲಬೆರಕೆ ಸೇರಿದ ಪೆಟ್ರೋಲ್ ಬಿದ್ದು ಟ್ಯಾಂಕ್ ಖಾಲಿ ಮಾಡಿಸಿದ ಮೇಲೆ ಅದರ ನೆನಪು ಬೇಡ, ಅಳಿಸಿ. ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ಬದಲಿಸಿದಾಗ, ಗಾಳಿ ಸೋರಿಕೆ ಸರಿ ಮಾಡಿಸಿದಾಗ ಕೂಡ. ಇದನ್ನೆಲ್ಲ ಕೆಲಸ ಮಾಡಿದ ವರ್ಕ್‌ಶಾಪಿನವರೇ ಮಾಡಿ ಕೊಡುತ್ತಾರೆ, ಕೇಳಿ ಖಾತ್ರಿ ಮಾಡಿಕೊಳ್ಳಿ.

ಸ್ಟೇಜ್ 1 ರೀಮ್ಯಾಪ್, ಅಂದರೆ ಹೆಚ್ಚು ಪವರ್ ಬರಲಿ ಅಂತ ಹೊರಗಿನ ಟ್ಯೂನರ್ ಹತ್ತಿರ ಕಂಪನಿ ಮ್ಯಾಪ್ ತೆಗೆದು ಬೇರೆ ಫೈಲ್ ಹಾಕಿಸುವುದು, ಮಾಡಿಸಿದ್ದರೆ ಮಾತ್ರ ಮೇಲಿನ ಸಮಾಧಾನ ನಿಮಗೆ ಅನ್ವಯಿಸುವುದಿಲ್ಲ. ಆ ಫೈಲನ್ನು ಒಂದು ನಿರ್ದಿಷ್ಟ ಆಕ್ಟೇನ್‌ಗೆ ಅಂತಲೇ ಬರೆದಿರುತ್ತಾರೆ. ಬೂಸ್ಟ್ ಏರಿಸಿರುತ್ತಾರೆ, ಟೈಮಿಂಗ್ ಮುಂದೆ ತಂದಿರುತ್ತಾರೆ. 97ಕ್ಕೆ ಬರೆದ ಫೈಲ್ ಇಟ್ಟುಕೊಂಡು ಊರಿನ ಬಂಕಿನಲ್ಲಿ ಸಾದಾ ಹಾಕಿಸಿದರೆ, ರಿಸೆಟ್ ಮಾಡಿದರೂ ಫೈಲ್ ಅದೇ ಇರುತ್ತದೆ. ಇಸಿಯು ಕಿಡಿ ತಡ ಮಾಡಬಹುದು, ಆದರೆ ತಡವಾದಷ್ಟೂ ಎಕ್ಸಾಸ್ಟ್ ಬಿಸಿ ಏರುತ್ತದೆ, ಅದು ನೇರ ಟರ್ಬೊಗೆ ಹೊಡೆಯುತ್ತದೆ. ಟ್ಯೂನರ್ ಹತ್ತಿರ ಸಾದಾ ಪೆಟ್ರೋಲಿನ ಫೈಲ್ ಕೂಡ ಕೇಳಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಬೂಸ್ಟ್ ಬರದ ಹಾಗೆ ಅರ್ಧ ಕಾಲಲ್ಲಿ ಓಡಿಸಿಕೊಂಡು ಒಳ್ಳೆ ಬಂಕ್ ತಲುಪಿ.

ಇನ್ನು ನಿಮ್ಮ ಸದ್ಯದ ಟ್ಯಾಂಕ್. ಅರ್ಧ ಸಾದಾ ಇರುವಾಗಲೇ 100 ತುಂಬಿಸಿದ್ದೀರಿ ಅಂತ ಬರೆದಿದ್ದೀರಿ. ಹಾಗಾದರೆ ಈಗ ಒಳಗಿರುವುದು 100 ಅಲ್ಲ, ಸುಮಾರು 97. ಹೋಲಿಸಿ ನೋಡಬೇಕಿದ್ದರೆ ಇದನ್ನು ರಿಸರ್ವ್ ಹತ್ತಿರಕ್ಕೆ ಬರುವವರೆಗೆ ಓಡಿಸಿ, ಆಮೇಲೆ ಫುಲ್ ಟ್ಯಾಂಕ್ 100 ಹಾಕಿಸಿ, ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಬೆಳಗ್ಗೆ ಬೇಗ ಒಂದು ಸುತ್ತು ಹೋಗಿ ಬನ್ನಿ. ಸ್ಪ್ಯಾನರ್ ಮನೆಯಲ್ಲೇ ಇರಲಿ.